ಹಲ್ಲು ಉಜ್ಜಲ್ವಾ ಅಂತ ಕೇಳೋ ಮುಂಚೆ: ಕಂದು ಕಲೆಯ ಹಿಂದಿರುವ ನೀರಿನ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಇವತ್ತಿನ ಸಂಚಿಕೆಯನ್ನ ಒಂದು ಪ್ರಶ್ನೆಯಿಂದ ಶುರು ಮಾಡೋಣ. "ಏನೋ, ಹಲ್ಲು ಉಜ್ಜಲ್ವಾ ನೀನು?"

ಪಾವಗಡ, ಬಾಗೇಪಲ್ಲಿ, ಜಗಳೂರು, ಮುಂಡರಗಿ ಕಡೆಯಿಂದ ಓದೋಕೆ ಅಂತಲೋ ಕೆಲಸಕ್ಕೆ ಅಂತಲೋ ಬೆಂಗಳೂರಿಗೆ ಬಂದವರಲ್ಲಿ ಎಷ್ಟೋ ಜನಕ್ಕೆ ಈ ಪ್ರಶ್ನೆ ಹೊಸದಲ್ಲ. ಹಾಸ್ಟೆಲಲ್ಲಿ ತಮಾಷೆಗೆ ಕೇಳ್ತಾರೆ. ಹೆಣ್ಣು ನೋಡೋಕೆ, ಗಂಡು ನೋಡೋಕೆ ಹೋದಾಗ ಬಾಯಿಬಿಟ್ಟು ಕೇಳದೇ ಇದ್ರೂ ಕಣ್ಣಲ್ಲೇ ಕೇಳ್ತಾರೆ. ಸೆಲ್ಫಿ ತೆಗೆಯುವಾಗ ತುಟಿ ಮುಚ್ಚಿಕೊಂಡೇ ನಗೋದನ್ನ ರೂಢಿ ಮಾಡ್ಕೊಂಡವರಿದ್ದಾರೆ. ದಿನಕ್ಕೆ ಎರಡು ಸಲ ಉಜ್ಜಿದ್ರೂ ಆ ಕಂದು ಕಲೆ ಹೋಗಲ್ಲ.

ಯಾಕೆ ಹೋಗಲ್ಲ? ಯಾಕಂದ್ರೆ ಅದು ಹಲ್ಲಿನ ಮೇಲೆ ಕೂತಿರೋ ಕೊಳೆಯಲ್ಲ. ಹಲ್ಲು ತಯಾರಾಗುವಾಗಲೇ ಒಳಗೆ ಸೇರಿಕೊಂಡ ಗುರುತು. ಆ ಮಗು ಒಂದು ವರ್ಷದ್ದಿದ್ದಾಗ, ಎರಡು ವರ್ಷದ್ದಿದ್ದಾಗ ಊರಲ್ಲಿ ಯಾವ ನೀರು ಕುಡೀತು ಅನ್ನೋದರ ದಾಖಲೆ. ಈ ಒಂದು ಸಂಗತಿಯನ್ನ ಕಂಡುಹಿಡಿಯೋಕೆ ಜಗತ್ತಿಗೆ ಸುಮಾರು ಮೂವತ್ತು ವರ್ಷ ಬೇಕಾಯ್ತು. ಆ ಹುಡುಕಾಟ ಅಮೆರಿಕದ ಒಂದು ಬೆಟ್ಟದ ತಪ್ಪಲಲ್ಲಿ ಶುರುವಾಯ್ತು. ಆಮೇಲೆ ಮದ್ರಾಸ್ ಪ್ರಾಂತ್ಯದ ನೆಲ್ಲೂರಿಗೆ ಬಂತು. ಅಲ್ಲಿಂದ ನಮ್ಮ ಬಯಲುಸೀಮೆಯ ಬೋರ್‌ವೆಲ್‌ಗಳ ತನಕ ಬಂದು ನಿಂತಿದೆ. ಇವತ್ತು ಅದೇ ದಾರಿಯಲ್ಲಿ ಹೋಗೋಣ ಬನ್ನಿ.

ಕೊಲರಾಡೋದ ಕಂದು ಹಲ್ಲು

1901ನೇ ಇಸವಿ. ಫ್ರೆಡರಿಕ್ ಮೆಕೇ ಅಂತ ಒಬ್ಬ ತರುಣ, ಆಗ ತಾನೇ ದಂತವೈದ್ಯ ಓದು ಮುಗಿಸಿದವನು, ಕೊಲರಾಡೋ ಸ್ಪ್ರಿಂಗ್ಸ್ ಅನ್ನೋ ಊರಿಗೆ ಬಂದು ಕ್ಲಿನಿಕ್ ತೆರೀತಾನೆ. ಪೈಕ್ಸ್ ಪೀಕ್ ಅನ್ನೋ ಎತ್ತರದ ಗ್ರಾನೈಟ್ ಬೆಟ್ಟದ ಬುಡದಲ್ಲಿರೋ ಊರು. ಈ ಗ್ರಾನೈಟ್ ಅನ್ನೋ ಪದವನ್ನ ಸ್ವಲ್ಪ ನೆನಪಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಬಂದ ಕೆಲವೇ ದಿನಗಳಲ್ಲಿ ಮೆಕೇಗೆ ಒಂದು ವಿಚಿತ್ರ ಕಾಣುತ್ತೆ. ಅಲ್ಲೇ ಹುಟ್ಟಿ ಬೆಳೆದವರ ಹಲ್ಲಿನ ಮೇಲೆ ಕಂದು ಕಲೆ. ಕೆಲವರಲ್ಲಂತೂ ಇಡೀ ಹಲ್ಲೇ ಚಾಕೊಲೇಟ್ ಬಣ್ಣ. ಪುಸ್ತಕಗಳಲ್ಲಿ ಹುಡುಕಿದ್ರೆ ಇದರ ಬಗ್ಗೆ ಏನೂ ಇಲ್ಲ. ಊರಿನ ಬೇರೆ ದಂತವೈದ್ಯರನ್ನ ಕೇಳಿದ್ರೆ ಅವರಿಗೆ ಅದು ಮಾಮೂಲಿ, ತಲೆ ಕೆಡಿಸಿಕೊಂಡಿರಲಿಲ್ಲ. ಊರಿನ ಜನಕ್ಕೆ ಮಾತ್ರ ಕಾರಣಗಳಿಗೆ ಬರ ಇರಲಿಲ್ಲ. ಹಂದಿ ಮಾಂಸ ಜಾಸ್ತಿ ತಿಂದದ್ದಕ್ಕೆ ಅಂತ ಒಬ್ಬರು, ಹಾಲು ಸರಿಯಿಲ್ಲ ಅಂತ ಇನ್ನೊಬ್ಬರು, ನೀರಲ್ಲಿ ಸುಣ್ಣ ಜಾಸ್ತಿ ಅಂತ ಮತ್ತೊಬ್ಬರು. ನಮ್ಮೂರ ಕಟ್ಟೆ ಮೇಲೆ ಕೂತ್ರೂ ಇಂಥ ಉತ್ತರಗಳೇ ಸಿಗ್ತವೆ, ಅಲ್ವಾ?

ಮೆಕೇ ಒಬ್ಬನೇ ಎಷ್ಟು ಹೇಳಿದ್ರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ 1909ರಲ್ಲಿ ಅವನಿಗೊಬ್ಬ ದೊಡ್ಡ ಜೊತೆಗಾರ ಸಿಕ್ಕ. ಜಿ.ವಿ. ಬ್ಲ್ಯಾಕ್. ಆ ಕಾಲದ ಅಮೆರಿಕದಲ್ಲಿ ದಂತವೈದ್ಯ ಅಂದ್ರೆ ಮೊದಲು ನೆನಪಾಗ್ತಿದ್ದ ಹೆಸರು. ಬ್ಲ್ಯಾಕ್‌ಗೆ ಮೊದಲು ನಂಬಿಕೆ ಬರಲಿಲ್ಲ. ಇಷ್ಟು ಎದ್ದು ಕಾಣೋ ತೊಂದರೆ ಒಂದು ಊರಲ್ಲಿ ಇದ್ರೆ, ಇಷ್ಟು ದಿನ ಯಾರೂ ಬರೆದಿಡದೇ ಇರೋದು ಹೇಗೆ ಅನ್ನೋದು ಅವನ ಪ್ರಶ್ನೆ. ಆದ್ರೆ ಆ ಊರಲ್ಲೇ ಹುಟ್ಟಿದ ಮಕ್ಕಳಲ್ಲಿ ಹೆಚ್ಚುಕಡಿಮೆ ನೂರಕ್ಕೆ ತೊಂಬತ್ತು ಮಂದಿಗೆ ಕಲೆ ಇದೆ ಅಂತ ಲೆಕ್ಕ ಬಂದಾಗ ಅವನೇ ಹೊರಟು ಬಂದ. 1915ರಲ್ಲಿ ಸಾಯೋವರೆಗೂ ಈ ಕೆಲಸದಲ್ಲಿ ಕೈಜೋಡಿಸಿದ.

ಇಬ್ಬರೂ ಸೇರಿ ಎರಡು ಮುಖ್ಯ ವಿಷಯ ಕಂಡುಕೊಂಡರು. ಮೊದಲನೇದು ವಯಸ್ಸಿನ ವಿಷಯ. ದೊಡ್ಡವರಾದ ಮೇಲೆ ಬೇರೆ ಊರಿಂದ ಬಂದು ನೆಲೆಸಿದವರು ಅಲ್ಲಿ ಎಷ್ಟು ವರ್ಷ ಇದ್ದರೂ ಅವರ ಹಲ್ಲಿಗೆ ಏನೂ ಆಗ್ತಿರಲಿಲ್ಲ. ಹಲ್ಲು ಇನ್ನೂ ವಸಡಿನೊಳಗೆ ತಯಾರಾಗ್ತಿರೋ ಸಣ್ಣ ಮಕ್ಕಳಿಗೆ ಮಾತ್ರ ಅಪಾಯ. ಅಂದ್ರೆ ಕಲೆ ಹೊರಗಿಂದ ಅಂಟಿಕೊಂಡಿದ್ದಲ್ಲ, ಹಲ್ಲು ಕಟ್ಟುವ ಕೆಲಸದಲ್ಲೇ ಏನೋ ಎಡವಟ್ಟಾಗಿದೆ.

ಎರಡನೇದು ಅವರಿಗೇ ಆಶ್ಚರ್ಯ ತಂದ ವಿಷಯ. ನೋಡೋಕೆ ಇಷ್ಟು ಕೆಟ್ಟದಾಗಿರೋ ಹಲ್ಲು ಬೇಗ ಹುಳುಕಾಗ್ತಿರಲಿಲ್ಲ. ಇದು ಯಾಕೆ ಅಂತ ಆಗ ಇಬ್ಬರಿಗೂ ಅರ್ಥವಾಗಲಿಲ್ಲ.

ಓಕ್ಲಿಯ ಪೈಪು

ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. 1923ರಲ್ಲಿ ಮೆಕೇ, ಐಡಹೋ ರಾಜ್ಯದ ಓಕ್ಲಿ ಅನ್ನೋ ಸಣ್ಣ ಊರಿಗೆ ಹೋಗ್ತಾನೆ. ಅಲ್ಲಿನ ಅಪ್ಪ ಅಮ್ಮಂದಿರು ತಮ್ಮ ಮಕ್ಕಳ ಹಲ್ಲಿನ ಕಲೆ ನೋಡಿ ಗಾಬರಿಯಾಗಿದ್ರು. ಅವರೇ ಒಂದು ಸುಳಿವು ಕೊಟ್ಟರು. ಊರಿಂದ ಐದು ಮೈಲಿ ದೂರದ ಒಂದು ಬೆಚ್ಚನೆ ನೀರಿನ ಬುಗ್ಗೆಯಿಂದ ಊರಿಗೆಲ್ಲ ಪೈಪ್ ಹಾಕಿಸಿದ್ರು. ಕಲೆ ಶುರುವಾಗಿದ್ದು ಅದಾದ ಮೇಲೆ.

ಮೆಕೇ ಆ ನೀರನ್ನ ಪರೀಕ್ಷೆ ಮಾಡಿಸಿದ. ಅನುಮಾನ ಪಡುವಂಥದ್ದು ಏನೂ ಸಿಗಲಿಲ್ಲ. ಅಂದಿನ ನೀರಿನ ಪರೀಕ್ಷೆಯಲ್ಲಿ ಹುಡುಕ್ತಿದ್ದ ವಸ್ತುಗಳ ಪಟ್ಟಿಯಲ್ಲಿ ನಿಜವಾದ ಆರೋಪಿಯ ಹೆಸರೇ ಇರಲಿಲ್ಲ. ಆದ್ರೂ ಅವನು ಊರಿನವರಿಗೆ ಹೇಳಿದ: ಈ ಪೈಪ್ ಬಿಟ್ಟುಬಿಡಿ, ಹತ್ತಿರದ ಬೇರೆ ಒರತೆಯ ನೀರು ತನ್ನಿ. ಕಾರಣ ಗೊತ್ತಿಲ್ಲ, ಪುರಾವೆ ಪೂರ್ತಿ ಇಲ್ಲ, ಖರ್ಚು ಮಾತ್ರ ಇದೆ. ಊರಿನವರು ಅವನ ಮಾತು ಕೇಳಿದ್ರು. ಕೆಲವೇ ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಹುಟ್ಟಿದ ಹೊಸ ಹಲ್ಲು ಬಿಳಿಯಾಗಿಯೇ ಬಂದವು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಆಗಲೇ ಕಲೆ ಬಿದ್ದಿದ್ದ ದೊಡ್ಡ ಮಕ್ಕಳಿಗೆ ನೀರು ಬದಲಾಯಿಸಿದ್ದರಿಂದ ಏನೂ ಪ್ರಯೋಜನ ಆಗಲಿಲ್ಲ. ಅವರ ಹಲ್ಲು ಹಾಗೇ ಉಳೀತು. ಅಕ್ಕನ ಹಲ್ಲು ನೋಡಿ ಎಚ್ಚೆತ್ತುಕೊಂಡದ್ದರ ಲಾಭ ಸಿಕ್ಕಿದ್ದು ತಮ್ಮನಿಗೆ. ಈ ಕಾಯಿಲೆಯ ಲೆಕ್ಕ ಯಾವಾಗಲೂ ಹೀಗೇ. ಕಣ್ಣಿಗೆ ಕಾಣೋ ಹೊತ್ತಿಗೆ ಆ ಮಗುವಿನ ಮಟ್ಟಿಗೆ ಕಾಲ ಮಿಂಚಿರುತ್ತೆ, ಮುಂದಿನ ಮಗುವಿಗೆ ಇನ್ನೂ ಟೈಮ್ ಇರುತ್ತೆ.

ಪಾತ್ರೆ ಕಂಪನಿಯ ಭಯ

ಮುಂದಿನ ಊರಿನ ಹೆಸರೇ ಬಾಕ್ಸೈಟ್. ಅರ್ಕನ್ಸಾ ರಾಜ್ಯದಲ್ಲಿದೆ. ಅಲ್ಯೂಮಿನಿಯಂ ತಯಾರಾಗೋದು ಬಾಕ್ಸೈಟ್ ಅನ್ನೋ ಅದಿರಿಂದ. ಆಲ್ಕೋವಾ ಅನ್ನೋ ದೊಡ್ಡ ಅಲ್ಯೂಮಿನಿಯಂ ಕಂಪನಿ ತನ್ನ ಗಣಿ ಕೆಲಸಗಾರರಿಗಾಗಿ ಕಟ್ಟಿದ ಊರು ಅದು. 1909ರಲ್ಲಿ ಅಲ್ಲಿ ಹಳೇ ಕಡಿಮೆ ಆಳದ ಬಾವಿಗಳನ್ನ ಬಿಟ್ಟು, ಆಳವಾಗಿ ಕೊರೆದ ಬಾವಿಗಳಿಂದ ನೀರು ಕೊಡೋಕೆ ಶುರು ಮಾಡಿದ್ರು. ಅದಕ್ಕೂ ಮುಂಚೆ ಬೆಳೆದು ದೊಡ್ಡವರಾದವರ ಹಲ್ಲು ಚೆನ್ನಾಗಿತ್ತು. ಆಮೇಲೆ ಬೆಳೆದ ಮಕ್ಕಳ ಹಲ್ಲಲ್ಲಿ ಕಲೆ. ಐದು ಮೈಲಿ ಆಚೆಯ ಇನ್ನೊಂದು ಊರಿನ ಮಕ್ಕಳಿಗೆ ಏನೂ ಇರಲಿಲ್ಲ. ಮೆಕೇ ಮತ್ತು ಸರ್ಕಾರಿ ವೈದ್ಯ ಗ್ರೋವರ್ ಕೆಂಫ್ ಇಬ್ಬರೂ ಹೋಗಿ ಇದನ್ನ ಬರೆದಿಟ್ಟರು.

ಆ ವರದಿ ಕಂಪನಿಯ ಮುಖ್ಯ ರಸಾಯನಶಾಸ್ತ್ರಜ್ಞ ಎಚ್.ವಿ. ಚರ್ಚಿಲ್ ಕೈಗೆ ಬಂತು. ಅವನಿಗೆ ಹೆದರಿಕೆ ಶುರುವಾಯ್ತು. ಹೆದರಿಕೆ ಮಕ್ಕಳ ಹಲ್ಲಿನ ಬಗ್ಗೆ ಅಲ್ಲ, ಪಾತ್ರೆಗಳ ಬಗ್ಗೆ. ಆಗ ಅಲ್ಯೂಮಿನಿಯಂ ಪಾತ್ರೆಯಲ್ಲಿ ಅಡುಗೆ ಮಾಡಿದ್ರೆ ವಿಷ ಅಂತ ಗುಲ್ಲೆದ್ದಿತ್ತು. ಅಲ್ಯೂಮಿನಿಯಂ ಕಂಪನಿಯ ಊರಲ್ಲೇ ಮಕ್ಕಳ ಹಲ್ಲು ಹಾಳಾಗಿದೆ ಅಂತ ಸುದ್ದಿಯಾದ್ರೆ ವ್ಯಾಪಾರಕ್ಕೆ ಹೊಡೆತ. ಹಾಗಾಗಿ ತಪ್ಪು ನಮ್ಮದಲ್ಲ ಅಂತ ತೋರಿಸೋಕೆ ಅವನು ಆ ನೀರನ್ನ ಮಾಮೂಲಿ ಪರೀಕ್ಷೆ ಬಿಟ್ಟು, ಬೆಳಕಿನ ಪಟ್ಟಿಗಳನ್ನ ನೋಡಿ ಯಾವ ಧಾತು ಇದೆ ಅಂತ ಹೇಳುವ ಸ್ಪೆಕ್ಟ್ರೋಗ್ರಾಫ್ ಯಂತ್ರದಲ್ಲಿ ಪರೀಕ್ಷೆ ಮಾಡಿಸಿದ.

ಫಲಿತಾಂಶ ನೋಡಿ ಚರ್ಚಿಲ್‌ಗೆ ನಂಬೋಕಾಗಲಿಲ್ಲ. ನೀರಿನಲ್ಲಿ ಫ್ಲೋರೈಡ್! ಸ್ಯಾಂಪಲ್‌ಗೆ ಏನೋ ಬೆರೆತಿದೆ, ಇನ್ನೊಮ್ಮೆ ನೀರು ತರಿಸಿ ಮಾಡು ಅಂತ ಸಹಾಯಕನಿಗೆ ಹೇಳಿದ. ಎರಡನೇ ಸಲವೂ ಅದೇ ಉತ್ತರ. ಒಂದು ಲೀಟರ್‌ಗೆ 13.7 ಮಿಲಿಗ್ರಾಂ. 1931ರ ಜನವರಿಯಲ್ಲಿ ಅವನು ಮೆಕೇಗೆ ಕಾಗದ ಬರೆದು, ಕಲೆ ಇರುವ ಬೇರೆ ಊರುಗಳ ನೀರನ್ನೂ ಕಳಿಸಿಕೊಡಿ ಅಂದ. ಅವುಗಳಲ್ಲೂ ಫ್ಲೋರೈಡ್ ಜಾಸ್ತಿ ಇತ್ತು.

ಅದೇ 1931ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಮಾರ್ಗರೆಟ್ ಕ್ಯಾಮ್ಯಾಕ್ ಸ್ಮಿತ್ ಎಂಬ ಪೋಷಣಾ ವಿಜ್ಞಾನಿ ಬೇರೆ ದಾರಿಯಲ್ಲಿ ಇದೇ ಜಾಗಕ್ಕೆ ಬಂದು ತಲುಪಿದ್ದರು. ಸೇಂಟ್ ಡೇವಿಡ್ ಅನ್ನೋ ಊರಿನ ನೀರನ್ನ ಇಂಗಿಸಿ ಇಲಿಗಳಿಗೆ ಕುಡಿಸಿದರು. ಇಲಿಗಳ ಹಲ್ಲಲ್ಲೂ ಅದೇ ಬದಲಾವಣೆ. ಆಹಾರದಲ್ಲಿ ಫ್ಲೋರೈಡ್ ಬೆರೆಸಿ ಕೊಟ್ಟಾಗಲೂ ಅದೇ. ಅಂದ್ರೆ ಊರೂರು ತಿರುಗಿ ಸಿಕ್ಕಿದ್ದ ಅನುಮಾನಕ್ಕೆ ಪ್ರಯೋಗಾಲಯದ ಪುರಾವೆಯೂ ಸಿಕ್ಕಂತಾಯ್ತು. 1901ರಲ್ಲಿ ಕೇಳಿದ ಪ್ರಶ್ನೆಗೆ ಮೂವತ್ತು ವರ್ಷದ ಮೇಲೆ ಉತ್ತರ.

ಎಷ್ಟಿದ್ರೆ ಒಳ್ಳೇದು, ಎಷ್ಟಾದ್ರೆ ಕೆಟ್ಟದ್ದು

ಈಗ ಆ ಹಳೇ ಆಶ್ಚರ್ಯಕ್ಕೆ ವಾಪಸ್ ಬರೋಣ. ಕಲೆ ಇರೋ ಹಲ್ಲು ಯಾಕೆ ಬೇಗ ಹುಳುಕಾಗಲ್ಲ? ಅಮೆರಿಕದ ಸರ್ಕಾರಿ ಆರೋಗ್ಯ ಸೇವೆಯ ಎಚ್. ಟ್ರೆಂಡ್ಲಿ ಡೀನ್ ಇದರ ಬೆನ್ನು ಹತ್ತಿದ. 21 ಪಟ್ಟಣಗಳಲ್ಲಿ 12ರಿಂದ 14 ವರ್ಷದ 7,257 ಮಕ್ಕಳ ಬಾಯಿ ನೋಡಿ, ಆ ಊರಿನ ನೀರಿನ ಜೊತೆ ತಾಳೆ ಹಾಕಿದ. ಒಂದು ಲೀಟರ್ ನೀರಿಗೆ ಸುಮಾರು 1 ಮಿಲಿಗ್ರಾಂ ಫ್ಲೋರೈಡ್ ಇದ್ದ ಕಡೆ ಹುಳುಕು ಗಣನೀಯವಾಗಿ ಕಡಿಮೆ, ಎದ್ದು ಕಾಣೋ ಕಲೆ ಹೆಚ್ಚುಕಡಿಮೆ ಇಲ್ಲ. ಅದಕ್ಕಿಂತ ಮೇಲೆ ಹೋದ ಹಾಗೆ ಕಲೆ ಜಾಸ್ತಿ. ಕಲೆ ಎಷ್ಟು ತೀವ್ರ ಅಂತ ಅಳೆಯೋಕೆ ಅವನು 1942ರಲ್ಲಿ ಕೊಟ್ಟ ಅಳತೆಗೋಲನ್ನ ದಂತವೈದ್ಯರು ಈಗಲೂ ಬಳಸ್ತಾರೆ.

1945ರ ಜನವರಿ 25ರಂದು ಮಿಷಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ, ಬೇಕಂತಲೇ ಕುಡಿಯುವ ನೀರಿಗೆ ಅಳತೆ ಮಾಡಿ ಫ್ಲೋರೈಡ್ ಸೇರಿಸಿದ ಜಗತ್ತಿನ ಮೊದಲ ನಗರವಾಯ್ತು. ಹದಿನೈದು ವರ್ಷದ ಯೋಜನೆ ಅದು. ಯೋಜನೆ ಶುರುವಾದ ಮೇಲೆ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇ. 60ಕ್ಕಿಂತ ಹೆಚ್ಚು ಕಡಿಮೆಯಾಯ್ತು. 1950ರ ದಶಕದ ಮಧ್ಯದಲ್ಲಿ ಅಮೆರಿಕದ ಅಂಗಡಿಗಳಿಗೆ ಫ್ಲೋರೈಡ್ ಟೂತ್‌ಪೇಸ್ಟ್ ಬಂತು. ಇವತ್ತು ನಿಮ್ಮ ಬಚ್ಚಲುಮನೆಯಲ್ಲಿರೋ ಪೇಸ್ಟ್ ಕೂಡ ಕೊಲರಾಡೋದ ಆ ಕಂದು ಹಲ್ಲಿನ ಮೊಮ್ಮಗುವೇ.

ಒಂದೇ ವಸ್ತು. ಒಂದು ಊರಲ್ಲಿ ಕಡಿಮೆ ಅಂತ ಸೇರಿಸ್ತಾರೆ, ಇನ್ನೊಂದು ಊರಲ್ಲಿ ಜಾಸ್ತಿ ಅಂತ ತೆಗೀತಾರೆ. ನಮ್ಮ ಕಥೆ ಎರಡನೇ ಸಾಲಿಗೆ ಸೇರಿದ್ದು.

ನೆಲ್ಲೂರಿನ ವರದಿ

ಅಮೆರಿಕದಲ್ಲಿ ಉತ್ತರ ಸಿಕ್ಕ ಆರೇ ವರ್ಷಕ್ಕೆ, 1937ರಲ್ಲಿ, ಮದ್ರಾಸಿನ ಗಿಂಡಿಯಲ್ಲಿರುವ ಕಿಂಗ್ ಇನ್‌ಸ್ಟಿಟ್ಯೂಟ್‌ನ ಎಚ್.ಇ. ಶಾರ್ಟ್ ಮತ್ತು ಅವರ ಜೊತೆಗಾರರು ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಹಳ್ಳಿಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅಲ್ಲಿ ಕಂಡದ್ದು ಹಲ್ಲಿನ ಕಲೆ ಮಾತ್ರ ಅಲ್ಲ. ಬಹಳ ವರ್ಷ ಅದೇ ನೀರು ಕುಡಿದ ದೊಡ್ಡವರ ಬೆನ್ನುಮೂಳೆ ಮರಗಟ್ಟಿತ್ತು, ಕೀಲುಗಳು ಬಿಗಿದುಕೊಂಡಿದ್ದವು, ನೆಟ್ಟಗೆ ನಿಲ್ಲೋಕಾಗದೆ ಬಾಗಿ ನಡೀತಿದ್ರು. ಎಕ್ಸ್‌ರೇಯಲ್ಲಿ ಮೂಳೆಗಳು ವಿಪರೀತ ದಟ್ಟವಾಗಿ ಕಾಣ್ತಿದ್ದವು.

1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ, ಫ್ಲೋರೈಡ್ ಪೀಡಿತ ಹಳ್ಳಿಗಳ ಹರೆಯದವರಲ್ಲಿ ಮಂಡಿಗಳು ಒಳಗೆ ಬಾಗಿ ಒಂದಕ್ಕೊಂದು ತಾಗುವ ತೊಂದರೆಯನ್ನ ದಾಖಲಿಸಿದರು. ಅದೇ ದಶಕದಲ್ಲಿ ನಾಗಪುರದ ನೀರಿ ಸಂಸ್ಥೆ ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಬಳಸಿ ನೀರಿನ ಫ್ಲೋರೈಡ್ ಇಳಿಸುವ ಸರಳ ವಿಧಾನ ರೂಪಿಸಿತು. ತೆಲಂಗಾಣದ ಪೀಡಿತ ಜಿಲ್ಲೆಯ ಹೆಸರಲ್ಲೇ ಅದನ್ನ ನಲ್ಗೊಂಡ ವಿಧಾನ ಅಂತಾರೆ.

ನೆಲ್ಲೂರು, ನಲ್ಗೊಂಡ, ಅನಂತಪುರ. ಮ್ಯಾಪ್ ತೆಗೆದು ನೋಡಿ, ಅನಂತಪುರದ ಪಕ್ಕದಲ್ಲೇ ನಮ್ಮ ಪಾವಗಡ. ರಾಜ್ಯದ ಗಡಿಯನ್ನ ಮನುಷ್ಯರು ಎಳೆದದ್ದು, ಕೆಳಗಿರೋ ಬಂಡೆಗೆ ಅದು ಗೊತ್ತಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ದಾವಣಗೆರೆಯ ಜಗಳೂರು, ಬಳ್ಳಾರಿ, ಕೊಪ್ಪಳ, ರಾಯಚೂರು, ಗದಗದ ಮುಂಡರಗಿ, ಎಲ್ಲ ಕಡೆ ಫ್ಲೋರೈಡ್ ದೂರಿದೆ. ಈ ಪ್ರದೇಶದ ಬಹುಪಾಲು ಕೂತಿರೋದು ಗ್ರಾನೈಟ್ ಮತ್ತು ಅದರ ಬಂಧುವಾದ ನೈಸ್ ಶಿಲೆಯ ಮೇಲೆ. ನೆನಪಲ್ಲಿಡಿ ಅಂದಿದ್ದೆನಲ್ಲ, ಆ ಪೈಕ್ಸ್ ಪೀಕ್ ಕೂಡ ಗ್ರಾನೈಟೇ. ಈ ಬಂಡೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳು ಸೇರಿರುತ್ತವೆ. ನೀರು ಬಂಡೆಯ ಬಿರುಕಿನಲ್ಲಿ ಹೆಚ್ಚು ಕಾಲ ನಿಂತಷ್ಟೂ ಅವು ಕರಗಿ ನೀರಿಗೆ ಸೇರುತ್ತವೆ.

ಬೋರ್‌ವೆಲ್ ಕೊಟ್ಟಿದ್ದು, ಬೋರ್‌ವೆಲ್ ಕಿತ್ತುಕೊಂಡಿದ್ದು

ಹಾಗಾದ್ರೆ ನಮ್ಮ ಮುತ್ತಜ್ಜ ಮುತ್ತಜ್ಜಿಯರೂ ಇದೇ ಬಂಡೆಯ ಮೇಲೆ ಬದುಕಿದ್ದರಲ್ಲ? ಹೌದು. ಆದ್ರೆ ಅವರು ಕುಡೀತಿದ್ದ ನೀರು ಹೆಚ್ಚಾಗಿ ಮೇಲಿನದು. ಕೆರೆ, ಕಲ್ಯಾಣಿ, ಸೇದುವ ಬಾವಿ. ಪ್ರತಿ ಮಳೆಗಾಲದಲ್ಲೂ ಹೊಸ ನೀರು ಬಂದು ಹಳೇದರ ಜೊತೆ ಬೆರೀತಿತ್ತು. ಹಾಗಂತ ಆ ನೀರು ಅಮೃತವಾಗಿತ್ತು ಅಂತ ಅಂದುಕೊಳ್ಳಬೇಡಿ. ವಾಂತಿಭೇದಿ, ಕಾಲರಾ ಬರ್ತಿದ್ದದ್ದು ಆ ನೀರಿಂದಲೇ. ಉತ್ತರ ಕರ್ನಾಟಕದ ಹಿರಿಯರನ್ನ ಕೇಳಿ, ನಾರುಹುಣ್ಣಿನ ಕಥೆ ಹೇಳ್ತಾರೆ. ಮೆಟ್ಟಿಲು ಬಾವಿಯ ನೀರಿಂದ ಮೈಯೊಳಗೆ ಸೇರಿದ ಹುಳು, ವರ್ಷದ ಮೇಲೆ ಕಾಲಿನ ಚರ್ಮ ಸೀಳಿಕೊಂಡು ದಾರದ ಹಾಗೆ ಹೊರಗೆ ಬರ್ತಿತ್ತು. ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಅಂತ ಎಳೀಬೇಕಾಗ್ತಿತ್ತು.

1960ರ ದಶಕದ ಕೊನೆಯ ಬರಗಾಲದ ನಂತರ, ಗಟ್ಟಿ ಬಂಡೆ ಕೊರೆಯೋ ರಿಗ್‌ಗಳು ಯುನಿಸೆಫ್ ಮೂಲಕ ದೇಶಕ್ಕೆ ಬಂದವು. 1970ರ ದಶಕದಲ್ಲಿ ಇಂಡಿಯಾ ಮಾರ್ಕ್-2 ಕೈಪಂಪ್ ತಯಾರಾಯ್ತು. ಹಳ್ಳಿಹಳ್ಳಿಯಲ್ಲಿ ಬೋರು ಬಂತು. ಮುಚ್ಚಿದ ಬೋರಿನ ನೀರಲ್ಲಿ ಹುಳು ಇಲ್ಲ, ಕಾಲರಾ ಭಯ ಕಡಿಮೆ. ನಾರುಹುಣ್ಣು ದೇಶದಿಂದಲೇ ಮಾಯವಾಯ್ತು. ಕೊನೆಯ ರೋಗಿ ಕಂಡದ್ದು 1996ರಲ್ಲಿ, 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನ ನಾರುಹುಣ್ಣು ಮುಕ್ತ ಅಂತ ಘೋಷಿಸಿತು. ಹೀಗಾಗಿ ಬೋರ್‌ವೆಲ್‌ನ ಬೈಯುವಾಗ ಅದು ಉಳಿಸಿದ ಜೀವಗಳನ್ನೂ ಲೆಕ್ಕಕ್ಕೆ ಹಿಡೀಬೇಕು.

ಆದ್ರೆ ಸೂಕ್ಷ್ಮಜೀವಿ ಇಲ್ಲದ ನೀರೆಲ್ಲ ಶುದ್ಧ ಅಂತ ನಾವು ನಂಬಿಬಿಟ್ಟೆವು. ಆಮೇಲೆ ಕೃಷಿಗೂ ಬೋರು, ಮನೆಗೂ ಬೋರು. ನೀರು ಕೆಳಗೆ ಹೋದ ಹಾಗೆ ಕೊಳವೆಯೂ ಕೆಳಗೆ ಹೋಯ್ತು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸಾವಿರ ಅಡಿ ದಾಟಿ ಕೊರೆಯೋದು ಈಗ ಸುದ್ದಿಯೇ ಅಲ್ಲ. ಆ ಆಳದ ನೀರು ಬಂಡೆಯ ಸಂದಿನಲ್ಲಿ ಎಷ್ಟೋ ಕಾಲದಿಂದ ಕೂತಿದ್ದ ನೀರು. ನೋಡೋಕೆ ತಿಳಿಯಾಗಿರುತ್ತೆ. ಫ್ಲೋರೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯೂ ಇಲ್ಲ. 1909ರಲ್ಲಿ ಬಾಕ್ಸೈಟ್ ಊರಲ್ಲಿ ಕಡಿಮೆ ಆಳದ ಬಾವಿ ಬಿಟ್ಟು ಆಳದ ಬಾವಿಗೆ ಹೋದಾಗ ಏನಾಯ್ತೋ, ನಮ್ಮ ಬಯಲುಸೀಮೆಯಲ್ಲಿ ಅದೇ ಆಯ್ತು, ಸಾವಿರಾರು ಹಳ್ಳಿಗಳ ಮಟ್ಟದಲ್ಲಿ.

ಇನ್ನೊಂದು ವಿಷಯ ಸೇರಿಸಿಕೊಳ್ಳಿ. ಬಿಸಿಲು ಜಾಸ್ತಿ ಇರೋ ಕಡೆ ಮಕ್ಕಳು ನೀರೂ ಜಾಸ್ತಿ ಕುಡೀತಾರೆ. 1950ರ ದಶಕದಲ್ಲೇ ಅಮೆರಿಕದ ಡೊನಾಲ್ಡ್ ಗ್ಯಾಲಗನ್ ಇದನ್ನ ಲೆಕ್ಕ ಹಾಕಿ, ಸೆಕೆಯ ಊರುಗಳಲ್ಲಿ ಫ್ಲೋರೈಡ್ ಮಿತಿ ಇನ್ನೂ ಕಡಿಮೆ ಇರಬೇಕು ಅಂತ ತೋರಿಸಿದ್ದ. ಭಾರತದ ಮಾನಕದಲ್ಲಿ ಒಂದು ಲೀಟರ್‌ಗೆ 1 ಮಿಲಿಗ್ರಾಂ ಸರಿ, ಬೇರೆ ನೀರು ಇಲ್ಲವೇ ಇಲ್ಲ ಅಂದ್ರೆ 1.5ರ ತನಕ ಅನ್ನೋದಕ್ಕೆ ಇದೂ ಒಂದು ಹಿನ್ನೆಲೆ.

ಯಾವ ವಯಸ್ಸಲ್ಲಿ ಏನಾಗುತ್ತೆ

ಈಗ ಹಲ್ಲಿನ ಕಡೆಯಿಂದ ನೋಡೋಣ. ಹಲ್ಲಿನ ಹೊರಗಿನ ಗಟ್ಟಿ ಪದರ ಎನಾಮಲ್. ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ. ಅದನ್ನ ಕಟ್ಟುವ ಜೀವಕೋಶಗಳು ಕೆಲಸ ಮುಗಿಸಿ, ಹಲ್ಲು ಹೊರಬರುವ ಹೊತ್ತಿಗೆ ಸತ್ತುಹೋಗುತ್ತವೆ. ಮನೆ ಕಟ್ಟಿದ ಮೇಸ್ತ್ರಿ ಊರು ಬಿಟ್ಟ ಹಾಗೆ, ಆಮೇಲೆ ರಿಪೇರಿಗೆ ಕರೆದರೂ ಬರೋರಿಲ್ಲ. ಅದಕ್ಕೇ ಚರ್ಮದ ಗಾಯ ಮಾಯುತ್ತೆ, ಮೂಳೆ ಮುರಿದ್ರೆ ಕೂಡುತ್ತೆ, ಎನಾಮಲ್ ಮಾತ್ರ ಕಟ್ಟಿದಂಗೇ ಕೊನೇ ತನಕ.

ಹಾಲುಹಲ್ಲಿನ ಎನಾಮಲ್ ಕೆಲಸ ತಾಯಿಯ ಹೊಟ್ಟೆಯಲ್ಲೇ, ನಾಲ್ಕನೇ ತಿಂಗಳ ಆಸುಪಾಸಿಗೆ ಶುರುವಾಗುತ್ತೆ. ಎದೆಹಾಲಲ್ಲಿ ಫ್ಲೋರೈಡ್ ತೀರಾ ಕಡಿಮೆ, ತಾಯಿ ಕುಡಿಯೋ ನೀರಲ್ಲಿ ಜಾಸ್ತಿ ಇದ್ದರೂ ಸಹ. ಹಾಗಾಗಿ ಹಾಲುಹಲ್ಲುಗಳು ಎಷ್ಟೋ ಸಲ ಚೆನ್ನಾಗಿಯೇ ಬರುತ್ತವೆ. ಹುಟ್ಟಿ ಮೂರ್ನಾಲ್ಕು ತಿಂಗಳಿಗೆ, ಮುಂದೆ ಆರು ಏಳು ವರ್ಷಕ್ಕೆ ಹೊರಬರಬೇಕಾದ ಬಾಚಿಹಲ್ಲುಗಳ ಕೆಲಸ ವಸಡಿನೊಳಗೆ ಶುರು. ಮಗು ನೀರು ಕುಡಿಯೋಕೆ, ಅದೇ ನೀರಲ್ಲಿ ಬೆಂದ ಅನ್ನ ಗಂಜಿ ತಿನ್ನೋಕೆ ಶುರು ಮಾಡೋದೂ ಅದೇ ವಯಸ್ಸಲ್ಲಿ. ಎಂಟು ವರ್ಷದ ಹೊತ್ತಿಗೆ, ಬುದ್ಧಿಹಲ್ಲು ಬಿಟ್ಟು ಉಳಿದೆಲ್ಲ ಹಲ್ಲಿನ ಎನಾಮಲ್ ಸಿದ್ಧ. ಎಂಟರ ನಂತರ ಎಂಥ ನೀರು ಕುಡಿದ್ರೂ ಆ ಹಲ್ಲುಗಳಿಗೆ ಹೊಸ ಕಲೆ ಬೀಳಲ್ಲ.

ಇದನ್ನ ಮನೆಯ ಮಟ್ಟಕ್ಕೆ ತಂದು ನೋಡಿ. ಮಗುವಿನ ಹಾಲುಹಲ್ಲು ಮುತ್ತಿನ ಹಾಗಿತ್ತು. ಏಳು ವರ್ಷಕ್ಕೆ ಹೊಸ ಹಲ್ಲು ಬಂತು, ಸುಣ್ಣ ಬಳಿದ ಹಾಗೆ ಬಿಳಿ ಪಟ್ಟೆ. ಹತ್ತು ವರ್ಷಕ್ಕೆ ಅದು ಹಳದಿ, ಆಮೇಲೆ ಕಂದು. ಮನೆಯವರಿಗೆ ಏನನ್ನಿಸುತ್ತೆ? ಸ್ಕೂಲಿಗೆ ಹೋಗೋಕೆ ಶುರು ಮಾಡಿದ ಮೇಲೆ ಸರಿಯಾಗಿ ಉಜ್ತಿಲ್ಲ ಅಂತ. ಮಗುವಿಗೆ ಬೈಗುಳ. ಇಟ್ಟಿಗೆ ಪುಡಿ, ಇದ್ದಿಲು, ಉಪ್ಪು ಹಾಕಿ ತಿಕ್ಕಿಸ್ತಾರೆ. ಕಲೆ ಹೋಗಲ್ಲ, ಮೊದಲೇ ದುರ್ಬಲವಾಗಿದ್ದ ಎನಾಮಲ್ ಸವೆದುಹೋಗುತ್ತೆ. ಮಗು ಒಂದೂವರೆ ವರ್ಷದ್ದಿದ್ದಾಗ ಲೋಟದಲ್ಲಿದ್ದ ನೀರಿಗೆ, ಏಳನೇ ವರ್ಷದಲ್ಲಿ ಮಗುವಿಗೇ ಶಿಕ್ಷೆ.

ಇನ್ನು ಹರೆಯಕ್ಕೆ ಬಂದ್ರೆ, ಹಲ್ಲಿನ ಲೆಕ್ಕ ಮುಗಿದು ಮೂಳೆಯ ಲೆಕ್ಕ ಶುರುವಾಗುತ್ತೆ. ಫ್ಲೋರೈಡ್ ಮೂಳೆಯಲ್ಲಿ ವರ್ಷಾನುಗಟ್ಟಲೆ ಕೂಡ್ತಾ ಹೋಗುತ್ತೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದವರಿಗೆ ಪೆಟ್ಟು ಹೆಚ್ಚು. ನಲವತ್ತು ಐವತ್ತರ ವಯಸ್ಸಿಗೆ ಕೀಲುನೋವು, ಬೆನ್ನು ಬಿಗಿತ. ವಯಸ್ಸಾಯ್ತಲ್ಲ ಅಂತ ಎಲ್ಲರೂ ಸುಮ್ಮನಾಗ್ತಾರೆ. ಒಂದೇ ಮನೆಯಲ್ಲಿ ಮೊಮ್ಮಗಳ ಕಂದು ಹಲ್ಲು, ಅಜ್ಜನ ಬಾಗಿದ ಬೆನ್ನು. ಎರಡೂ ಒಂದೇ ಬೋರಿನಿಂದ ಬಂದಿರಬಹುದು ಅಂತ ಹೊಳೆಯೋದು ಕಡಿಮೆ.

ನಿಮ್ಮ ಕೈಯಲ್ಲಿ ಏನಿದೆ

ಸರ್ಕಾರದ ಕಡೆಯಿಂದ ಕೆಲಸ ನಡೆದಿಲ್ಲ ಅಂತಲ್ಲ. ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನದಿ ನೀರನ್ನ ದೂರದಿಂದ ತರುವ ಬಹುಗ್ರಾಮ ಯೋಜನೆಗಳಿವೆ, ಪಾವಗಡಕ್ಕೆ ತುಂಗಭದ್ರಾ ನೀರು ತರುವಂಥದ್ದು. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್, ನಮ್ಮಲ್ಲಿ ಮನೆ ಮನೆಗೆ ಗಂಗೆ ಅನ್ನೋ ಹೆಸರಲ್ಲಿ ನಲ್ಲಿ ಹಾಕಿದೆ. ಆದ್ರೆ ನಲ್ಲಿ ಇದೆ ಅನ್ನೋದು ಒಂದು ಮಾತು, ನಲ್ಲಿಯ ಆ ತುದಿಯಲ್ಲಿ ನದಿ ಇದೆಯೋ ಬೋರಿದೆಯೋ ಅನ್ನೋದು ಬೇರೆ ಮಾತು. ಘಟಕ ಕೆಟ್ಟು ನಿಂತ ದಿನ ಜನ ಮತ್ತೆ ಬೋರಿನ ಹತ್ತಿರವೇ ಕೊಡ ಹಿಡಿದು ನಿಲ್ಲಬೇಕಾಗುತ್ತೆ.

ಹಾಗಾಗಿ ನಾಲ್ಕು ವಿಷಯ ತಲೆಯಲ್ಲಿರಲಿ.

ಒಂದು, ನೀರು ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ, ಉಳಿದದ್ದರಲ್ಲಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತೆ. ಕ್ಯಾಂಡಲ್ ಫಿಲ್ಟರ್, ಯುವಿ ಫಿಲ್ಟರ್ ಕೂಡ ತೆಗೆಯಲ್ಲ. ಆರ್‌ಓ ತೆಗೆಯುತ್ತೆ.

ಎರಡು, ನೀರು ಪರೀಕ್ಷೆ ಮಾಡಿಸಿ. ಜಲ ಜೀವನ್ ಮಿಷನ್ ಅಡಿ ಹಳ್ಳಿಯ ಮಹಿಳೆಯರಿಗೇ ಪರೀಕ್ಷಾ ಕಿಟ್ ಬಳಸೋಕೆ ತರಬೇತಿ ಕೊಡ್ತಾರೆ, ಜಿಲ್ಲಾ ಮಟ್ಟದಲ್ಲಿ ನೀರಿನ ಪ್ರಯೋಗಾಲಯ ಇದೆ. ಮನೆಯಲ್ಲಿ ಯಾರಾದ್ರೂ ಬಸುರಿ ಇದ್ರೆ, ಚಿಕ್ಕ ಮಗು ಇದ್ರೆ, ಪರೀಕ್ಷೆಗೆ ಅದೇ ಸರಿಯಾದ ಹೊತ್ತು. ಇರೋ ಒಳ್ಳೇ ನೀರು ಎಲ್ಲರಿಗೂ ಸಾಲದಿದ್ರೆ, ಮೊದಲು ಎಂಟು ವರ್ಷದೊಳಗಿನ ಮಕ್ಕಳಿಗೆ ಕೊಡಿ. ಅವರ ಅಡುಗೆಗೂ ಅದೇ ನೀರು ಬಳಸಿ. ಪುಟ್ಟ ಮಗುವಿಗೆ ಪುಡಿಹಾಲು ಕಲಸೋಕಂತೂ ಫ್ಲೋರೈಡ್ ಇರೋ ಬೋರಿನ ನೀರು ಬೇಡ.

ಮೂರು, ಟೂತ್‌ಪೇಸ್ಟ್. ಸಣ್ಣ ಮಕ್ಕಳು ಪೇಸ್ಟ್ ನುಂಗ್ತಾರೆ. ಮೂರು ವರ್ಷದೊಳಗೆ ಅಕ್ಕಿ ಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು. ಜಾಹೀರಾತಿನ ಹಾಗೆ ಬ್ರಶ್ ತುಂಬಾ ಹಾಕೋದು ಬೇಡ. ನೀರಲ್ಲೇ ಫ್ಲೋರೈಡ್ ಜಾಸ್ತಿ ಇರುವ ಊರಾದ್ರೆ ಮಗುವಿಗೆ ಯಾವ ಪೇಸ್ಟ್ ಅಂತ ದಂತವೈದ್ಯರನ್ನ ಕೇಳಿ. ಹಾಗೇ, ಕಲೆ ಇದ್ದ ಹಲ್ಲಿಗೆ ಹುಳುಕು ಬರಲ್ಲ ಅಂತ ಸಿಹಿ ತಿಂಡಿ ಬಿಟ್ಟುಕೊಡಬೇಡಿ. ತೀವ್ರವಾದ ಕಲೆಯಲ್ಲಿ ಎನಾಮಲ್ ಗುಳಿಬಿದ್ದು ಉದುರುತ್ತೆ, ಆಗ ಹುಳುಕಿಗೂ ದಾರಿಯಾಗುತ್ತೆ.

ನಾಲ್ಕು, ಈಗಾಗಲೇ ಕಲೆ ಇರುವವರಿಗೆ. ತಿಕ್ಕಿ ತಿಕ್ಕಿ ಹಲ್ಲು ಸವೆಸಬೇಡಿ. ಕಲೆ ಎಷ್ಟಿದೆ ಅನ್ನೋದರ ಮೇಲೆ, ಮೇಲಿನ ತೆಳು ಪದರ ಉಜ್ಜಿ ತೆಗೆಯೋದು, ಬ್ಲೀಚಿಂಗ್, ಹಲ್ಲಿನ ಬಣ್ಣದ ಪದರ ಅಂಟಿಸೋದು, ಹೀಗೆ ದಂತವೈದ್ಯರ ಹತ್ತಿರ ದಾರಿಗಳಿವೆ. ಸರ್ಕಾರಿ ದಂತ ವೈದ್ಯಕೀಯ ಕಾಲೇಜಲ್ಲೂ ಕೇಳಬಹುದು. ಮಾಡಿಸಿಕೊಳ್ಳದೇ ಇದ್ರೂ ಅದರಲ್ಲಿ ನಾಚಿಕೆ ಪಡೋಕೆ ಏನೂ ಇಲ್ಲ.

ಕೊನೇದಾಗಿ ಓಕ್ಲಿಗೆ ಇನ್ನೊಂದು ಸಲ ಹೋಗಿಬರೋಣ. ಆ ಊರಿನ ಅಪ್ಪ ಅಮ್ಮಂದಿರು ವಿಜ್ಞಾನಿಗಳಲ್ಲ. ಫ್ಲೋರೈಡ್ ಅನ್ನೋ ಪದವನ್ನ ಅವರು ಕೇಳಿರಲೂ ಇಲ್ಲ. ಅವರು ಮಾಡಿದ್ದು ಇಷ್ಟೇ, ಮಕ್ಕಳ ಹಲ್ಲು ನೋಡಿ ಮಕ್ಕಳನ್ನ ಬೈಯೋದು ಬಿಟ್ಟು, ಪೈಪ್ ಹಾಕಿದ್ದು ಯಾವಾಗ ಅಂತ ನೆನಪು ಮಾಡಿಕೊಂಡರು. ನಮಗೆ ಇವತ್ತು ಕಾರಣ ಗೊತ್ತಿದೆ, ಕಿಟ್ ಇದೆ, ಲ್ಯಾಬ್ ಇದೆ. ನಿಮ್ಮೂರಲ್ಲಿ ಯಾವುದಾದ್ರೂ ಮಗುವಿನ ಹೊಸ ಹಲ್ಲಲ್ಲಿ ಬಿಳಿ ಪಟ್ಟೆ ಕಂಡ್ರೆ, ಆ ಮನೆಗೆ ನೀರು ಎಲ್ಲಿಂದ ಬರುತ್ತೆ ಅಂತ ಕೇಳಿ. ಆ ಮಗುವಿಗೊಬ್ಬ ಪುಟ್ಟ ತಮ್ಮನೋ ತಂಗಿಯೋ ಇರಬಹುದು.

ಈ ಸಂಚಿಕೆ ಯಾರಿಗೆ ಬೇಕು ಅನ್ನಿಸುತ್ತೋ ಅವರಿಗೆ ಕಳಿಸಿ, ಊರಿನ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಿ.